ನಾಗಣ್ಣನ ಬಕೆಟ್ಟು, ನನ್ನ ಹೊಟ್ಟೆಕಿಚ್ಚು

ಹೊಸದಾಗಿ ಪ್ಲಂಬಿಂಗ್ ಕೆಲಸಕ್ಕೆ ಇಳಿದವರು ಈಗಲೂ ಒಮ್ಮೊಮ್ಮೆ ಹೊಳಲ್ಕೆರೆಯ ನಮ್ಮ ಮನೆಗೆ ಬರುತ್ತಾರೆ. ಬಂದವರೇ ಮೊಬೈಲು ತೆಗೆದು, ಫಳಫಳ ಹೊಳೆಯುವ ಒಂದು ಶವರಿನ ಫೋಟೋ ತೋರಿಸಿ, ಇದು ಚೆನ್ನಾಗಿದೆಯಾ ಎಂದು ಕೇಳುತ್ತಾರೆ. ನಾನು ಫೋಟೋ ನೋಡುವುದಿಲ್ಲ. ಆ ಮನೆಯ ಟ್ಯಾಂಕು ಎಷ್ಟು ಎತ್ತರದಲ್ಲಿದೆ, ನೀರು ಬೋರಿನದೋ ನಲ್ಲಿಯದೋ, ಬಿಸಿನೀರು ಸೋಲಾರಿನದೋ ಗೀಸರಿನದೋ, ಸ್ನಾನ ಮಾಡುವವರು ಯಾರು ಎಂದು ಕೇಳುತ್ತೇನೆ. ಅವರು ಮುಖ ಮುಖ ನೋಡಿಕೊಳ್ಳುತ್ತಾರೆ. ಎಷ್ಟೊಂದು ತಿಳಿದುಕೊಂಡಿದ್ದೀರಿ ಎಂದು ಹೊಗಳುತ್ತಾರೆ. ನಾನು ಹೊಗಳಿಸಿಕೊಂಡು ಸುಮ್ಮನಿರುತ್ತೇನೆ.

ಆದರೆ ಬರೆಯಲು ಕೂತ ಮೇಲೆ ಸುಳ್ಳು ಬೇಡ. ಆ ನಾಲ್ಕು ಪ್ರಶ್ನೆಗಳಲ್ಲಿ ಒಂದೂ ನನ್ನದಲ್ಲ. ನಾಲ್ಕೂ ತುರುವನೂರಿನ ನಾಗಣ್ಣನವು. ಅವನ ಮೇಲೆ ಇಪ್ಪತ್ತೈದು ವರ್ಷ ಹೊಟ್ಟೆಕಿಚ್ಚು ಪಟ್ಟು, ಅವನು ಏನು ಮಾಡುತ್ತಾನೆ ಎಂದು ಓರೆಗಣ್ಣಲ್ಲಿ ನೋಡಿ ನೋಡಿ ನಾನು ಕಲಿತದ್ದು. ನನಗೆ ಕೆಲಸ ಕಲಿಸಿದ ಮೇಸ್ತ್ರಿಯನ್ನು ಕೂಡ ನಾನು ಅಷ್ಟು ಗಮನವಿಟ್ಟು ನೋಡಿರಲಿಲ್ಲ.

ನಾನು ಈ ಕೆಲಸಕ್ಕೆ ಬಂದದ್ದು ಕಬ್ಬಿಣದ ಜಿ.ಐ. ಪೈಪಿನ ಕಾಲದಲ್ಲಿ. ಪೈಪನ್ನು ವೈಸಿಗೆ ಕಚ್ಚಿಸಿ, ಡೈ ಕೂರಿಸಿ, ಇಡೀ ಮೈಭಾರ ಹಾಕಿ ತಿರುಗಿಸಿದರೆ ಥ್ರೆಡ್ಡು ಬೀಳುತ್ತಿತ್ತು. ಅದರ ಮೇಲೆ ಸಣಬಿನ ಎಳೆ ಸುತ್ತಿ, ಪೇಸ್ಟು ಬಳಿದು, ರೆಂಚಿನಲ್ಲಿ ಬಿಗಿಯಬೇಕು. ಒಂದು ಬಚ್ಚಲಿಗೆ ಮೂರು ದಿನ ಹಿಡಿಯುತ್ತಿತ್ತು. ಈಗ ಪ್ಲಾಸ್ಟಿಕ್ ಪೈಪು ಬಂದಿದೆ, ಕತ್ತರಿಸಿ ಗಮ್ಮು ಹಚ್ಚಿ ಚುಚ್ಚಿದರೆ ಆಯಿತು, ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿದಿರುತ್ತದೆ. ಹಳೇ ಕೆಲಸದಲ್ಲಿ ನನ್ನನ್ನು ಮೀರಿಸಿದವರು ಸುತ್ತಮುತ್ತ ಇರಲಿಲ್ಲ. ಚಿತ್ರದುರ್ಗದಲ್ಲಿ ನಾವು ಕೆಲಸಕ್ಕಿದ್ದ ಸ್ಯಾನಿಟರಿ ಅಂಗಡಿಯ ಸಾಹುಕಾರರು ಗಿರಾಕಿಗಳ ಮುಂದೆಯೇ, ‘ತಿಪ್ಪೇಶಿ ಹಾಕಿದ ಜಾಯಿಂಟು ಒಂದು ಹನಿ ಒಸರಲ್ಲ’ ಎನ್ನುತ್ತಿದ್ದರು. ತಿಪ್ಪೇಶಿ ಎಂದರೆ ನಾನೇ. ಆ ಮಾತು ಕೇಳಿದ ದಿನ ನನಗೆ ಊಟ ಎರಡು ತುತ್ತು ಹೆಚ್ಚು ಸೇರುತ್ತಿತ್ತು.

ಅಂಗಡಿಯ ಪದ್ಧತಿ ಹೀಗಿತ್ತು. ಗಿರಾಕಿಗಳು ನಲ್ಲಿ, ಶವರು, ಪೈಪು ಕೊಂಡ ಮೇಲೆ ಫಿಟ್ ಮಾಡಲು ಒಬ್ಬರನ್ನು ಕಳಿಸಿ ಎಂದು ಕೇಳುವರು. ಸಾಹುಕಾರರು ಬಿಡುವಿದ್ದವರನ್ನು ಕಳಿಸುವರು. ಆದರೆ ಕೆಲವರು ಹೆಸರು ಹಿಡಿದು ಕೇಳುತ್ತಿದ್ದರು. ನಮ್ಮಂಥವರಿಗೆ ಬಡ್ತಿ, ಪದಕ ಎಲ್ಲ ಅದೇ. ಆರೇಳು ವರ್ಷ ಆ ಹೆಸರು ನನ್ನದಾಗಿತ್ತು. ಆಮೇಲೆ ನಾಗಣ್ಣ ಬಂದ.

ಅವನದು ಕುರಿ ಸಾಕುವ ಮನೆ. ಅಪ್ಪನ ಜೊತೆ ಹಟ್ಟಿ ಕಟ್ಟಿಕೊಂಡು ಊರೂರು ತಿರುಗಿದವನು ತಡವಾಗಿ ಈ ಕೆಲಸಕ್ಕೆ ಬಂದಿದ್ದ. ಥ್ರೆಡ್ಡು ಹಾಕುವುದರಲ್ಲಿ ತೀರಾ ಸಾಧಾರಣ. ಅವನ ಜಾಯಿಂಟುಗಳನ್ನು ನಾನೇ ಎಷ್ಟೋ ಸಲ ಮತ್ತೆ ಬಿಗಿದಿದ್ದೇನೆ. ಹಾಗಾಗಿ ಮೊದಲು ನನಗೆ ಅವನ ಮೇಲೆ ಕನಿಕರವಿತ್ತು. ಕನಿಕರ ಎಷ್ಟು ಸುಖದ ಭಾವನೆ ಎಂದು ಅದು ಹೋದ ಮೇಲೆ ಗೊತ್ತಾಯಿತು.

ಒಂದು ದಿನ ಇಬ್ಬರೂ ಚಿತ್ರದುರ್ಗದಲ್ಲೇ ಒಂದು ಹೊಸ ಮನೆಗೆ ಹೋದೆವು. ಮನೆಯಾಕೆಗೆ ಶವರು ಬೇಕಿತ್ತು, ಯಾವುದು ಹಾಕಿಸಲಿ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ನಾಗಣ್ಣ ಒಂದು ಬಕೆಟ್ಟು ಕೇಳಿದ. ಗೋಡೆಯಿಂದ ಹೊರಗೆ ಬಂದಿದ್ದ ಪೈಪಿಗೆ ಅದನ್ನು ಹಿಡಿದು, ಮುಚ್ಚಳ ಬಿಚ್ಚಿ, ಕೈಗಡಿಯಾರ ನೋಡುತ್ತ ಕುಕ್ಕರಗಾಲಲ್ಲಿ ಕೂತ. ನನಗೆ ನಗು ತಡೆಯಲಾಗಲಿಲ್ಲ, ಹಾಲು ಕರೆಯುತ್ತಿದ್ದೀಯೇನಪ್ಪ ಎಂದು ಕಿಚಾಯಿಸಿದೆ. ಆಕೆಯೂ ನಕ್ಕರು. ಅವನು ತಲೆ ಎತ್ತದೆ, ನೀರು ಎಷ್ಟು ಬರುತ್ತದೆ ಎಂದು ಗೊತ್ತಾಗದೆ ಶವರು ಹೇಗೆ ಹೇಳಲಿ ಅಕ್ಕಾ ಎಂದ.

ಹದಿನೈದು ಲೀಟರಿನ ಬಕೆಟ್ಟು ಒಂದು ನಿಮಿಷದೊಳಗೆ ತುಂಬಿದರೆ ಅಗಲ ತಲೆಯ ಶವರು ಹಾಕಬಹುದು. ಒಂದೂವರೆ ನಿಮಿಷವಾದರೆ ಸಾಧಾರಣದ್ದು. ಎರಡೂವರೆ ನಿಮಿಷ ದಾಟಿದರೆ ಅಂಗೈಯಗಲದ ಚಿಕ್ಕ ತಲೆಯದೇ ಗತಿ, ಇಲ್ಲವೇ ಟ್ಯಾಂಕು ಎತ್ತರಿಸಬೇಕು. ಇದು ಅವನ ಲೆಕ್ಕ. ಕೆಲಸಕ್ಕೆ ಹೊಸಬರಾದವರು ಇದನ್ನು ಎಲ್ಲಾದರೂ ಬರೆದಿಟ್ಟುಕೊಳ್ಳಿ. ನಾನು ಆವತ್ತು ಬರೆದಿಟ್ಟುಕೊಳ್ಳಲಿಲ್ಲ.

ಅದರ ಫಲ ಹೊಸದುರ್ಗದಲ್ಲಿ ಸಿಕ್ಕಿತು. ಒಬ್ಬ ಮೇಷ್ಟ್ರು ಆಸೆಪಟ್ಟು ಮನೆ ಕಟ್ಟಿಸಿದ್ದರು. ಊಟದ ತಟ್ಟೆಯಷ್ಟು ಅಗಲದ ಶವರು ಆಗಷ್ಟೇ ನಮ್ಮ ಅಂಗಡಿಗೆ ಬಂದಿತ್ತು, ಅದನ್ನೇ ಹಾಕಿಸಿಕೊಳ್ಳಿ ಎಂದು ನಾನೇ ಹುರಿದುಂಬಿಸಿದೆ. ಅವರ ಟ್ಯಾಂಕು ತಾರಸಿಯ ಮೇಲೆ ಎರಡು ವರಸೆ ಇಟ್ಟಿಗೆ ಜೋಡಿಸಿ ಕೂರಿಸಿದ್ದು. ನಾನು ಜಾಯಿಂಟುಗಳನ್ನು ನೋಡಿದೆನೇ ಹೊರತು ಮೇಲೆ ಹತ್ತಿ ನೋಡಲಿಲ್ಲ. ವಾರ ಕಳೆದ ಮೇಲೆ ಮೇಷ್ಟ್ರು ಅಂಗಡಿಗೆ ಬಂದರು. ಬೈಯಲಿಲ್ಲ. ‘ಮಳೆ ನಿಂತ ಮ್ಯಾಲೆ ಮರದ ಕೆಳಗೆ ನಿಂತಂಗೆ ಆಗ್ತೈತೆ ಕಣ್ರಿ’ ಎಂದರು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾಗಣ್ಣ ಮಾತ್ರ ನಗಲಿಲ್ಲ, ಅದು ನನಗೆ ಇನ್ನೂ ಚುಚ್ಚಿತು.

ಸಾಹುಕಾರರು ಅವನನ್ನೇ ಕಳಿಸಿದರು. ಅವನು ಬಕೆಟ್ಟು ಹಿಡಿದು, ಚಿಕ್ಕ ತಲೆಯ ಶವರು ಹಾಕಿ, ಅರ್ಧ ದಿನದಲ್ಲಿ ವಾಪಸು ಬಂದ. ಮಾರನೆಯ ತಿಂಗಳು ಮೇಷ್ಟ್ರ ತಮ್ಮನ ಮನೆಯ ಕೆಲಸ ಬಂತು. ಸಾಹುಕಾರರು ನನ್ನನ್ನು ಪಕ್ಕಕ್ಕೆ ಕರೆದು, ನಾಗಣ್ಣನನ್ನೇ ಕಳಿಸಬೇಕಂತೆ, ಬೇಜಾರು ಮಾಡಿಕೊಳ್ಳಬೇಡ ಎಂದರು. ಬೇಜಾರಿಲ್ಲ ಎಂದೆ. ಆ ದಿನ ಬಸ್ಸಿನಲ್ಲಿ ಊರಿಗೆ ಬರುವಾಗ ನನ್ನ ಹೊಟ್ಟೆಯೊಳಗೆ ಯಾರೋ ಮೆಣಸಿನಕಾಯಿ ಹುರಿಯುತ್ತಿರುವಂತೆ ಇತ್ತು.

ಅಲ್ಲಿಂದ ನಾನು ಕೆಟ್ಟವನಾದೆ. ಹಿರಿಯೂರಿನಿಂದ ಒಂದು ದೊಡ್ಡ ಮನೆಯವರು ಬಂದು ನಾಗಣ್ಣನನ್ನು ಕೇಳಿದರು. ಅವನು ಅಂಗಡಿಯಲ್ಲಿರಲಿಲ್ಲ, ಸಾಹುಕಾರರೂ ಊಟಕ್ಕೆ ಹೋಗಿದ್ದರು. ಅವನಿಗೆ ಹಳೇ ನಲ್ಲಿಗಳು ಮಾತ್ರ ಗೊತ್ತು, ನೀವು ಕೇಳುತ್ತಿರುವ, ಬಿಸಿನೀರು ತಣ್ಣೀರು ಬೆರೆಸುವ, ಗೋಡೆಯೊಳಗೆ ಕೂರಿಸುವ ಮಿಕ್ಸರು ಅವನ ಕೈಯಲ್ಲಿ ಆಗುವುದಿಲ್ಲ ಎಂದು ನಾನು ಹೇಳಿದೆ. ಶುದ್ಧ ಸುಳ್ಳು. ಹೇಳಿ, ಆ ಕೆಲಸಕ್ಕೆ ನಾನೇ ಹೋದೆ.

ಆ ಮನೆಯಲ್ಲಿ ಬಿಸಿನೀರು ತಾರಸಿಯ ಸೋಲಾರಿನಿಂದ ತಾನಾಗಿ ಇಳಿದು ಬರುತ್ತಿತ್ತು. ತಣ್ಣೀರಿಗೆ ಮಾತ್ರ ಪ್ರೆಷರ್ ಮೋಟಾರು ಹಾಕಿಸಿದ್ದರು. ನಾನು ಎರಡನ್ನೂ ಒಂದೇ ಮಿಕ್ಸರಿಗೆ ಸೇರಿಸಿದೆ. ಜಾಯಿಂಟು ಒಂದು ಹನಿ ಒಸರಲಿಲ್ಲ. ಆದರೆ ಶವರು ಬಿಟ್ಟ ಕೂಡಲೇ ಮೋಟಾರಿನ ತಣ್ಣೀರು ಬಿಸಿನೀರಿನ ಪೈಪಿನೊಳಗೇ ನುಗ್ಗಿ ಮೇಲಕ್ಕೆ ಹತ್ತಿತು. ಕೆಳಗೆ ಸ್ನಾನಕ್ಕೆ ನಿಂತವರು ಗಡಗಡ ನಡುಗಿದರು. ಮೇಲೆ ಸೋಲಾರಿನ ಗಾಳಿ ಕೊಳವೆಯಿಂದ ಬಿಸಿನೀರು ಉಕ್ಕಿ ತಾರಸಿಯೆಲ್ಲ ಹರಿಯಿತು. ಅಲ್ಲಿ ಒಣಗಲು ಹಾಕಿದ್ದ ಹಪ್ಪಳ ಸಂಡಿಗೆಯೆಲ್ಲ ಅಂಬಲಿಯಾಯಿತು. ಆ ಮನೆಯ ಅಜ್ಜಿ ನನ್ನನ್ನು ಬೈದ ಬೈಗುಳದಲ್ಲಿ ಅರ್ಧ ತೆಲುಗಿತ್ತು, ಅರ್ಥವಾಗದ್ದೇ ಒಳ್ಳೆಯದಾಯಿತು.

ಏನು ಮಾಡುವುದೆಂದು ತಿಳಿಯದೆ ನಾಗಣ್ಣನಿಗೆ ಫೋನು ಮಾಡಿದೆ. ಬಂದ. ಮೇಲೆ ಹತ್ತಿ ನೋಡಿ, ಎರಡೂ ನೀರು ಒಂದೇ ಎತ್ತರದಿಂದ ಇಳಿದರೆ ಜಗಳವಿರುವುದಿಲ್ಲ ಎಂದ. ಆ ಬಚ್ಚಲಿನ ತಣ್ಣೀರನ್ನು ಮೋಟಾರಿನಿಂದ ಬಿಡಿಸಿ, ನೇರ ಟ್ಯಾಂಕಿನಿಂದ ಹೊರಗೋಡೆಯ ಮೇಲೆ ಬೇರೆ ಪೈಪು ಇಳಿಸಿದೆವು. ಬಿಸಿನೀರಿನ ದಾರಿಗೆ ಹಿಂದಕ್ಕೆ ಹೋಗದಂತೆ ಒಂದು ವಾಲ್ವು ಹಾಕಿದೆವು. ಮನೆಯವರು ಅವನ ಮುಂದೆಯೇ, ನಿಮಗೆ ಈ ಕೆಲಸ ಬರಲ್ಲ ಅಂದಿದ್ರಲ್ಲ ಇವರು ಎಂದರು. ನಾಗಣ್ಣ ನನ್ನ ಕಡೆ ಒಂದು ಸಲ ನೋಡಿದ. ‘ಹೌದ್ರಿ, ನಂಗೂ ಹೊಸದೇ’ ಎಂದ. ಸಾಹುಕಾರರಿಗೂ ಹೇಳಲಿಲ್ಲ. ಅವನು ಕೊರಳಪಟ್ಟಿ ಹಿಡಿದು ಕೇಳಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಕೆಲಸದಲ್ಲಿ ಮೇಲೆ ಎನ್ನುವುದಷ್ಟೇ ಸಾಲದೆ ಗುಣದಲ್ಲೂ ಮೇಲಾಗಿಬಿಟ್ಟನಲ್ಲ ಎಂದು ಇನ್ನಷ್ಟು ಉರಿದೆ.

ಬೋರಿನ ನೀರಿನ ವಿಷಯ ಹೇಳಲೇಬೇಕು. ನಮ್ಮ ಕಡೆಯ ಬೋರಿನ ನೀರು ಗಡಸು. ಎಂಥ ಶವರು ಹಾಕಿದರೂ ವರ್ಷದೊಳಗೆ ತೂತುಗಳಿಗೆ ಬಿಳೀ ಉಪ್ಪು ಕಟ್ಟಿ, ನೀರು ಅಡ್ಡಾದಿಡ್ಡಿ ಚಿಮ್ಮುತ್ತದೆ. ನಾಗಣ್ಣ ಅಂಗಡಿಯಲ್ಲಿ ಶವರು ಆರಿಸುವಾಗ ಅದರ ಹೊಳಪು ನೋಡುತ್ತಿರಲಿಲ್ಲ, ತೂತುಗಳ ಮೇಲೆ ಹೆಬ್ಬೆರಳು ಆಡಿಸುತ್ತಿದ್ದ. ತೂತುಗಳಿಗೆ ರಬ್ಬರಿನ ಪುಟ್ಟ ಮೂತಿಗಳಿದ್ದರೆ ಉಪ್ಪನ್ನು ಬೆರಳಲ್ಲೇ ಉಜ್ಜಿ ಉದುರಿಸಬಹುದು. ಕೈಯಲ್ಲಿ ಎತ್ತಿ ತೂಕವನ್ನೂ ನೋಡುತ್ತಿದ್ದ. ಒಳಗೆ ಹಿತ್ತಾಳೆ ಇದ್ದರೆ ಭಾರ ಇರುತ್ತದೆ, ಬರೀ ಪ್ಲಾಸ್ಟಿಕ್ಕಿಗೆ ಹೊಳಪು ಕೊಟ್ಟಿದ್ದರೆ ಹಗುರ. ಇದನ್ನೂ ನಾನು ಕದ್ದೆ, ಆಮೇಲೆ ಗಿರಾಕಿಗಳ ಮುಂದೆ ನನ್ನದೇ ಎಂಬಂತೆ ಹೆಬ್ಬೆರಳು ಆಡಿಸುತ್ತಿದ್ದೆ.

ಬಿ.ದುರ್ಗದ ಅಜ್ಜಿಯ ಪ್ರಸಂಗ ಮಾತ್ರ ನನ್ನನ್ನು ಅತಿ ಹೆಚ್ಚು ಸುಟ್ಟದ್ದು. ಮಕ್ಕಳೆಲ್ಲ ಸೇರಿ ಅಜ್ಜಿಗೆಂದೇ ಹೊಸ ಬಚ್ಚಲು ಕಟ್ಟಿಸಿದ್ದರು, ನಾವಿಬ್ಬರೂ ಹೋಗಿದ್ದೆವು. ನಾನಾಗಿದ್ದರೆ ಏಳಡಿಗೆ ಶವರು, ಮೂರಡಿಗೆ ನಲ್ಲಿ ಎಂದು ಗೋಡೆ ಕೊರೆದುಬಿಡುತ್ತಿದ್ದೆ, ನನ್ನ ಮೇಸ್ತ್ರಿ ಕಲಿಸಿದ್ದು ಅದು. ನಾಗಣ್ಣ ಅಜ್ಜಿಯನ್ನು ಕರೆಸಿದ. ಗಿಲಾವು ಕೂಡ ಆಗದ ಬಚ್ಚಲಲ್ಲಿ ಒಂದು ಮಣೆ ಹಾಕಿ, ‘ದಿನಾ ಹೆಂಗೆ ಕುಂತ್ಕತೀರೋ ಹಂಗೇ ಕುಂತ್ಕಳ್ರಿ ಅವ್ವಾ. ಈಗ ಕೈ ಎತ್ರಿ’ ಎಂದ. ಅಜ್ಜಿ ನಾಚಿಕೊಂಡು, ಸೆರಗು ಸರಿಮಾಡಿಕೊಂಡು ಕೈ ಎತ್ತಿತು. ಅವನು ಇದ್ದಿಲ ಚೂರಿನಲ್ಲಿ ಗೋಡೆಗೆ ಗುರುತು ಹಾಕಿದ. ಎಡಗೈ, ಬಲಗೈ, ಎದ್ದು ನಿಲ್ಲುವಾಗ ಹಿಡಿದುಕೊಳ್ಳುವ ಜಾಗ, ಚೊಂಬು ಇಡುವ ಜಾಗ. ಎಣ್ಣೆ ಹಚ್ಚಿಕೊಂಡ ಕೈ ಜಾರುತ್ತದೆಂದು ಗುಂಡನೆಯ ತಿರುಪು ಬೇಡ, ಉದ್ದ ಹಿಡಿಕೆಯದೇ ಬೇಕು ಎಂದ.

ಊಟದ ಹೊತ್ತಿಗೆ ಅಜ್ಜಿ ತಾನೇ ರೊಟ್ಟಿ ತಟ್ಟಿ ಅವನ ಎಲೆಗೆ ಬೆಣ್ಣೆ ಹಾಕಿತು. ನನ್ನನ್ನು ನೋಡಿ, ನೀನೂ ತಿನ್ನಪ್ಪ ಎಂದಿತು. ಆ ‘ನೀನೂ’ ಎಂಬ ಮಾತನ್ನು ನಾನು ಇವತ್ತಿಗೂ ಮರೆತಿಲ್ಲ. ಬೆಣ್ಣೆ ನನಗೂ ಬಿತ್ತು, ಅವನದಕ್ಕಿಂತ ಚಿಕ್ಕ ಉಂಡೆ.

ಆಮೇಲೆ ಅಂಗಡಿ ಸಾಹುಕಾರರ ಮಕ್ಕಳ ಕೈಗೆ ಹೋಯಿತು. ನಾಗಣ್ಣನ ಕೈ ನಡುಗಲು ಶುರುವಾಗಿ ಅವನು ತುರುವನೂರಿಗೆ ಹೋದ. ಎರಡು ವರ್ಷದ ಮೇಲೆ ಮಂಡಿನೋವು ತಡೆಯದೆ ನಾನೂ ಬಿಟ್ಟೆ. ಹೊಳಲ್ಕೆರೆಯ ನಮ್ಮ ಮನೆಯನ್ನು ರಿಪೇರಿ ಮಾಡಿಸಿದೆ. ಪ್ಲಂಬರನ ಮನೆಯ ಬಚ್ಚಲು ಹೇಗಿರಬೇಕು ಎಂದು ಊರು ನೋಡಲಿ ಎಂಬ ಚಪಲ. ಅಂಗಡಿಯಲ್ಲಿ ಸಿಗುವ ಅತ್ಯುತ್ತಮ ಮಿಕ್ಸರು, ಏಳಡಿ ಎತ್ತರದ ಶವರು, ಅದರ ಪಕ್ಕದಲ್ಲೇ ಐದಡಿಗೆ ತೂಗುಹಾಕಿದ ಕೈ ಶವರು. ಬಕೆಟ್ಟು ಹಿಡಿದೆ, ಟ್ಯಾಂಕು ಎತ್ತರಿಸಿದೆ, ಹೆಬ್ಬೆರಳು ಆಡಿಸಿದೆ. ನಾಗಣ್ಣನಿಂದ ಕದ್ದದ್ದನ್ನೆಲ್ಲ ಹಾಕಿದೆ.

ಅದೇ ವರ್ಷ ನನ್ನ ಹೆಂಡತಿ ಗಂಗಮ್ಮನ ಎರಡೂ ಭುಜ ಹಿಡಿದುಕೊಂಡವು. ಮೊದಲು ಬಲಗಡೆ, ಆಮೇಲೆ ಎಡಗಡೆ. ತಲೆ ಬಾಚಿಕೊಳ್ಳಲು ಕೂಡ ಆಗದು. ಡಾಕ್ಟರು ವ್ಯಾಯಾಮ ಹೇಳಿದರು, ನಿಧಾನವಾಗಿ ಸರಿಹೋಗಬಹುದು, ಹೋಗದೆಯೂ ಇರಬಹುದು ಎಂದರು. ಮಣೆಯ ಮೇಲೆ ಕೂತರೆ ನನ್ನ ಭರ್ಜರಿ ಶವರಿನ ಹಿಡಿಕೆಗೆ ಅವಳ ಕೈ ಎಟುಕಲಿಲ್ಲ. ಚೊಂಬೆತ್ತಿ ತಲೆಗೆ ಸುರಿದುಕೊಳ್ಳಲೂ ಆಗಲಿಲ್ಲ. ಬಾಗಿಲು ತೆರೆದಿಟ್ಟು ನಾನೇ ನೀರು ಹಾಕಬೇಕಾಯಿತು.

ಗಂಗಮ್ಮ ಬಲು ಮರ್ಯಾದೆಯ ಹೆಂಗಸು. ಮದುವೆಯಾದ ಹೊಸದರಲ್ಲಿ ನಮ್ಮ ಬಚ್ಚಲಿಗೆ ಬಾಗಿಲಿರಲಿಲ್ಲ, ಗೋಣಿಚೀಲದ ಪರದೆ. ಆಗಲೂ ಅವಳು ಎಲ್ಲರಿಗಿಂತ ಮೊದಲೆದ್ದು, ಯಾರ ಕಣ್ಣಿಗೂ ಬೀಳದೆ ಸ್ನಾನ ಮುಗಿಸಿರುತ್ತಿದ್ದಳು. ಅಂಥವಳು ನಾನು ನೀರು ಹಾಕುವಷ್ಟು ಹೊತ್ತೂ ಗೋಡೆಯ ಕಡೆ ಮುಖ ಮಾಡಿ ಕೂತಿರುತ್ತಿದ್ದಳು. ದಿನದ ಸ್ನಾನ ವಾರಕ್ಕೆ ಎರಡಾಯಿತು. ಮದುವೆ ಮುಂಜಿಗೆ ಹೋಗುವುದನ್ನು ಬಿಟ್ಟಳು. ಒಂದು ದಿನ ತಾನಾಗಿಯೇ, ನಾಗಣ್ಣನನ್ನು ಒಮ್ಮೆ ಕರೆಸಿ ಎಂದಳು.

ನಾನು ಹರಿಹಾಯ್ದೆ. ಮೂವತ್ತೆಂಟು ವರ್ಷ ಪೈಪು ತಿರುವಿದವನು ನಾನಿರುವಾಗ ಅವನೇಕೆ ಎಂದೆ. ಕೈ ಶವರನ್ನು ಒಂದಡಿ ಕೆಳಗಿಳಿಸಿದೆ, ಎಟುಕಲಿಲ್ಲ. ಇನ್ನೂ ಅರ್ಧ ಅಡಿ ಇಳಿಸಿದೆ. ನೀಟಾದ ಟೈಲ್ಸಿನಲ್ಲಿ ತೂತುಗಳು ಹೆಚ್ಚಾದವು. ಎಟುಕಿತು, ಆದರೆ ಒಂದು ಸಲ ತೆಗೆದುಕೊಂಡರೆ ಅವಳ ಕಣ್ಣಲ್ಲಿ ನೀರು ಬರುತ್ತಿತ್ತು. ಹೀಗೆ ಹನ್ನೊಂದು ತಿಂಗಳು ಹೋಯಿತು. ಅವಳ ತಂಗಿಯ ಮಗಳ ಮದುವೆಗೂ ಬರುವುದಿಲ್ಲ ಎಂದಾಗ ನಾನು ರೇಗಿದೆ. ಅವಳು ರೇಗಲಿಲ್ಲ.

‘ನನ್ನ ಸ್ನಾನಕ್ಕಿಂತ ನಿಮ್ಮ ಹಟ ದೊಡ್ಡದಾತೇನ್ರಿ?’ ಎಂದಳು.

ಮಾರನೆಯ ದಿನ ಚಿತ್ರದುರ್ಗಕ್ಕೆ ಹೋಗಿ, ಅಲ್ಲಿಂದ ತುರುವನೂರಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅವನು ಮನೆಯಲ್ಲಿ ಇರದಿದ್ದರೆ ಸಾಕು ಎಂದುಕೊಳ್ಳುತ್ತಿದ್ದೆ. ಇದ್ದ. ಜಗಲಿಯ ಮೇಲೆ ಕೂತು ಎರಡೂ ಕೈಯಲ್ಲಿ ಲೋಟ ಹಿಡಿದು ಟೀ ಕುಡಿಯುತ್ತಿದ್ದ. ಆದರೂ ಲೋಟ ಅಲುಗುತ್ತಿತ್ತು. ವಿಷಯ ಹೇಳಿದೆ. ಎಷ್ಟು ದಿನದಿಂದ ಎಂದು ಕೇಳಿದ. ಹನ್ನೊಂದು ತಿಂಗಳು ಎಂದಾಗ ಲೋಟ ಕೆಳಗಿಟ್ಟ. ‘ಮೊದ್ಲೇ ಹೇಳ್ಬಾರ್ದಾಗಿತ್ತೇನಪ್ಪ’ ಎಂದು ಅಂಗಿ ಹಾಕಿಕೊಂಡ. ನನ್ನ ಹೊಟ್ಟೆಕಿಚ್ಚು ಅವನಿಗೆ ಮೊದಲಿನಿಂದಲೂ ಗೊತ್ತಿತ್ತು ಎಂದು ಆಗ ನನಗೆ ಖಾತ್ರಿಯಾಯಿತು.

ನಮ್ಮ ಬಚ್ಚಲಿಗೆ ಬಂದವನು ಟೈಲ್ಸಿನ ತೂತುಗಳ ಮೇಲೆ ಒಮ್ಮೆ ಹೆಬ್ಬೆರಳು ಆಡಿಸಿದ. ಮಣೆ ತೆಗೆಸಿ, ಎತ್ತರದ ಸ್ಟೂಲು ತರಿಸಿದ. ‘ಅಕ್ಕಾ, ಕುಂತ್ಕಳ್ರಿ. ಎಡಗೈ ಎತ್ರಿ. ನೋವು ಶುರುವಾದ ಕೂಡ್ಲೇ ಹೇಳ್ರಿ, ತಡ್ಕಬ್ಯಾಡ್ರಿ’ ಎಂದ. ಗಂಗಮ್ಮ ಕೈ ಎತ್ತಿದಳು. ಎದೆಯ ಮಟ್ಟಕ್ಕೆ ಬರುವಷ್ಟರಲ್ಲಿ, ಇಲ್ಲೇ ಎಂದಳು. ಅವನು ಅಲ್ಲಿ ಗುರುತು ಹಾಕಲಿಲ್ಲ. ಅಲ್ಲಿಂದ ಒಂದು ಗೇಣು ಕೆಳಗೆ ಹಾಕಿದ.

ಇಷ್ಟು ವರ್ಷ ಕದ್ದು ನೋಡಿದವನಿಗೆ ಆ ಒಂದು ಗೇಣು ಕಂಡಿರಲೇ ಇಲ್ಲ. ಕೈ ಎಟುಕುವ ಜಾಗಕ್ಕೇ ಅವನು ಗುರುತು ಹಾಕುತ್ತಾನೆ ಎಂದು ನಾನು ತಿಳಿದಿದ್ದೆ. ಕೇಳಿದ್ದಕ್ಕೆ, ನೋವಿರುವ ದಿನವೂ ಸ್ನಾನ ಮಾಡಬೇಕಲ್ಲ ಎಂದ.

ಗೋಡೆಯಿಂದ ಹೊರಟು ಕೂತವರ ತಲೆಯ ಮೇಲಕ್ಕೆ ಬಾಗಿ ನಿಲ್ಲುವ ಸ್ಟೀಲಿನ ಕೊಳವೆ, ಅದರ ತುದಿಗೆ ಚಿಕ್ಕ ಶವರು, ಕೈಯಲ್ಲಿ ಎತ್ತುವ ಕೆಲಸವೇ ಇಲ್ಲ. ಮೊಣಕೈಯಿಂದ ತಳ್ಳಿದರೂ ತಿರುಗುವ ಉದ್ದ ಹಿಡಿಕೆ. ಇಷ್ಟೇ ಅವನು ಆರಿಸಿದ್ದು. ನನ್ನ ಮಿಕ್ಸರಿನ ಅರ್ಧ ಬೆಲೆಯೂ ಇರಲಿಲ್ಲ. ಅವನ ಕೈ ನಡುಗುತ್ತಿದ್ದರಿಂದ ಗೋಡೆ ಕೊರೆದು ಫಿಟ್ ಮಾಡಿದವನು ನಾನು. ಮಂಡಿಯೂರಿ ಕೂತು, ಅವನು ತೋರಿಸಿದ ಗುರುತಿಗೆ ಕೂದಲೆಳೆಯಷ್ಟೂ ತಪ್ಪದಂತೆ ಕೂರಿಸಿದೆ. ನನ್ನ ಜೀವಮಾನದ ಅತ್ಯುತ್ತಮ ಜಾಯಿಂಟುಗಳು ಅವು.

ಗಂಗಮ್ಮ ಒಳಗೆ ಹೋದಳು. ಬಾಗಿಲು ಮುಚ್ಚಿತು, ಚಿಲಕ ಬಿದ್ದ ಶಬ್ದ ಕೇಳಿತು. ನಾವಿಬ್ಬರೂ ನಡುಮನೆಯಲ್ಲಿ ಕೂತೆವು. ಒಳಗೆ ನೀರು ಬಿತ್ತು, ನಿಂತಿತು, ಮತ್ತೆ ಬಿತ್ತು. ಅರ್ಧ ಗಂಟೆಯಾದರೂ ಅವಳು ಬರಲಿಲ್ಲ. ನಾನು ಗಾಬರಿಯಾಗಿ ಏಳಲು ಹೋದೆ. ನಾಗಣ್ಣ ನನ್ನ ತೋಳು ಹಿಡಿದು ಕೂರಿಸಿದ.

ಕೊನೆಗೆ ಅವಳು ಒದ್ದೆ ತಲೆಗೆ ಟವೆಲು ಹೊದ್ದು ಬಂದಳು. ಮುಖ ಕೆಂಪಗಾಗಿತ್ತು. ಅವನ ಮುಂದೆ ನಿಂತು, ಒಳ್ಳೇದಾತಣ್ಣ ಎಂದಳು. ಅವನು ನನ್ನ ಕಡೆ ಕೈ ತೋರಿಸಿ, ಫಿಟಿಂಗ್ ಮಾಡಿದ್ದು ಇವನೇ ಅಕ್ಕಾ, ನಾನು ಗುರುತು ಹಾಕಿದ್ದಷ್ಟೇ ಎಂದ.

‘ಇವ್ರ ಕೆಲಸ ಗಟ್ಟಿ ಅಂತ ನಂಗೊತ್ತು ಬಿಡಣ್ಣ’ ಎಂದಳು ಗಂಗಮ್ಮ. ‘ಎಲ್ಲಿ ನೋಯ್ತೈತೆ ಅಂತ ಕೇಳಿದ್ದು ನೀನೊಬ್ನೇ.’

ಅವಳು ನನ್ನನ್ನು ಚುಚ್ಚಲು ಹಾಗೆ ಹೇಳಲಿಲ್ಲ. ಇದ್ದದ್ದನ್ನು ಹೇಳಿ, ತಲೆ ಒಣಗಿಸಿಕೊಳ್ಳಲು ಬಿಸಿಲಿಗೆ ಹೋದಳು. ತಂಗಿಯ ಮಗಳ ಮದುವೆಗೂ ಹೋಗಿ ಬಂದಳು. ನಾನು ಸಂತೋಷಪಟ್ಟೆ, ಸುಳ್ಳಲ್ಲ. ಆದರೆ ನಾಗಣ್ಣನ ಶವರಿಗೋ ಬಕೆಟ್ಟಿಗೋ ಅಜ್ಜಿಯ ಬೆಣ್ಣೆಗೋ ಪಟ್ಟ ಹೊಟ್ಟೆಕಿಚ್ಚೆಲ್ಲ ಕಾಲ ಹೋದಂತೆ ಆರಿತು, ಇದೊಂದು ಆರಿಲ್ಲ. ಮೂವತ್ತಾರು ವರ್ಷ ಜೊತೆಗೆ ಬಾಳಿದ್ದೇವೆ, ಹನ್ನೊಂದು ತಿಂಗಳು ನಾನೇ ಅವಳಿಗೆ ನೀರು ಹಾಕಿದ್ದೇನೆ. ನನ್ನ ಹೆಂಡತಿಯ ಕೈ ಎಷ್ಟು ಎತ್ತರಕ್ಕೆ ಹೋಗುತ್ತದೆ ಎಂಬುದು ನನಗಿಂತ ಮೊದಲು ಅವನಿಗೆ ಗೊತ್ತಾಯಿತು.